ಸಿಂಕೊ ದೆ ಮಾಯೊ: ಗಣಿಗಾರರ ಚಂದಾದಿಂದ ಬಿಯರ್ ಜಾಹೀರಾತಿನವರೆಗೆ

ಮೇ 5 ಹತ್ತಿರವಾಗುತ್ತಿದ್ದಂತೆ ಅಮೆರಿಕದ ಸೂಪರ್‌ಮಾರ್ಕೆಟ್‌ಗಳಲ್ಲಿ ಬೆಣ್ಣೆಹಣ್ಣಿನ ರಾಶಿ, ಜೋಳದ ಚಿಪ್ಸ್, ಬಿಯರ್ ಪೆಟ್ಟಿಗೆಗಳು ಬಾಗಿಲ ಬಳಿಗೇ ಬಂದು ಕೂರುತ್ತವೆ. ಬಾರುಗಳಲ್ಲಿ ಅಗಲ ಅಂಚಿನ ಸೊಂಬ್ರೆರೊ ಟೋಪಿ, ಅಂಟಿಸಿಕೊಳ್ಳುವ ಹುಸಿ ಮೀಸೆ ಕಾಣಿಸಿಕೊಳ್ಳುತ್ತವೆ. ಅದು ಮೆಕ್ಸಿಕೊದ ಸ್ವಾತಂತ್ರ್ಯ ದಿನವೆಂದು ನಂಬಿದವರು ಅಲ್ಲಿ ಬಹಳ. ಸ್ವಾತಂತ್ರ್ಯ ದಿನ ಸೆಪ್ಟೆಂಬರ್ 16ರಂದು. ‘ಸಿಂಕೊ ದೆ ಮಾಯೊ’ ಎಂದರೆ ಸ್ಪ್ಯಾನಿಷ್‌ನಲ್ಲಿ ಮೇ ಐದು ಎಂದಷ್ಟೇ ಅರ್ಥ. ಅಂದು ನೆನೆಯುವುದು ಒಂದು ಕಾಳಗವನ್ನು.

ಅಂತರ್ಯುದ್ಧದಿಂದ ಖಜಾನೆ ಬರಿದಾಗಿದ್ದ 1861ರಲ್ಲಿ ಮೆಕ್ಸಿಕೊದ ಅಧ್ಯಕ್ಷ ಬೆನಿಟೊ ಹ್ವಾರೆಸ್ ವಿದೇಶಿ ಸಾಲದ ಮರುಪಾವತಿಯನ್ನು ಎರಡು ವರ್ಷ ನಿಲ್ಲಿಸಿದರು. ಬ್ರಿಟನ್, ಸ್ಪೇನ್, ಫ್ರಾನ್ಸ್ ಮೂರೂ ಸೇನೆ ಕಳುಹಿಸಿದವು. ಮೊದಲ ಎರಡು ದೇಶಗಳು ಮಾತುಕತೆ ನಡೆಸಿ ಹಿಂದಿರುಗಿದವು. ಫ್ರಾನ್ಸಿನ ದೊರೆ ಮೂರನೇ ನೆಪೋಲಿಯನ್‌ನ ಕಣ್ಣು ಮಾತ್ರ ಸಾಲದಾಚೆ, ಮೆಕ್ಸಿಕೊದ ಸಿಂಹಾಸನದ ಮೇಲಿತ್ತು. 1862ರ ಮೇ 5ರಂದು ಸುಮಾರು 6,000 ಫ್ರೆಂಚ್ ಸೈನಿಕರು ಪ್ಯೂಬ್ಲಾ ನಗರದ ಲೊರೆತೊ, ಗ್ವಾದಲೂಪೆ ಕೋಟೆಗಳಿಗೆ ಏರಿ ಬಂದರು. ಕಾಯುತ್ತಿದ್ದವರು 33 ವರ್ಷದ ಜನರಲ್ ಇಗ್ನಾಸಿಯೊ ಸರಗೋಸ ಮತ್ತು ಅವರ ಪಡೆ. ಬೆಟ್ಟದ ಊರುಗಳಿಂದ ಬಂದ ಮೂಲನಿವಾಸಿಗಳೂ ಆ ಪಡೆಯಲ್ಲಿದ್ದರು. ಮಧ್ಯಾಹ್ನ ಮಳೆ ಸುರಿದು ಇಳಿಜಾರು ಕೆಸರಾಯಿತು. ಫ್ರೆಂಚರು ಹಿಮ್ಮೆಟ್ಟಿದರು. ಆದರೆ ಯುದ್ಧ ಅಲ್ಲಿಗೆ ಮುಗಿಯಲಿಲ್ಲ. ಮರುವರ್ಷ ಪ್ಯೂಬ್ಲಾ ಬಿತ್ತು. ಫ್ರೆಂಚರು ಗದ್ದುಗೆಗೇರಿಸಿದ ಮ್ಯಾಕ್ಸಿಮಿಲಿಯನ್‌ನನ್ನು ಗುಂಡಿಟ್ಟು ಕೊಂದದ್ದು 1867ರಲ್ಲಿ.

ಇನ್ನು ವಿದೇಶದ ಆಚರಣೆಯ ಮಾತು. ಅದೆಲ್ಲ ಬಿಯರ್ ಕಂಪನಿಗಳ ಸೃಷ್ಟಿ ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಗೆಲುವಿನ ಸುದ್ದಿ ಕ್ಯಾಲಿಫೋರ್ನಿಯಾ ತಲುಪಿದಾಗ ಕೊಲಂಬಿಯಾ ಎಂಬ ಚಿನ್ನದ ಗಣಿಯೂರಿನ ಮೆಕ್ಸಿಕನ್ನರು ಗಾಳಿಯಲ್ಲಿ ಗುಂಡು ಹಾರಿಸಿದರು, ಪಟಾಕಿ ಸಿಡಿಸಿದರು, ಅಲ್ಲೇ ನಿಂತು ಭಾಷಣ ಮಾಡಿದರು. ಆಗ ಅಮೆರಿಕದಲ್ಲೂ ಅಂತರ್ಯುದ್ಧ ನಡೆಯುತ್ತಿತ್ತು. ಗುಲಾಮಗಿರಿಯ ಪರವಿದ್ದ ದಕ್ಷಿಣದ ರಾಜ್ಯಗಳು ಗೆದ್ದರೆ ತಮ್ಮ ಗತಿಯೇನು ಎಂಬ ಭಯ ಅವರಿಗಿತ್ತು. ಫ್ರಾನ್ಸಿನ ದೊರೆಯ ಒಲವು ಆ ರಾಜ್ಯಗಳ ಕಡೆಗೇ ಎಂಬುದೂ ತಿಳಿದಿತ್ತು. ಹಾಗಾಗಿ ಪ್ಯೂಬ್ಲಾದ ಗೆಲುವು ಅವರಿಗೆ ಎರಡೂ ಯುದ್ಧಗಳ ಗೆಲುವಾಗಿ ಕಂಡಿತು.

ಊರೂರಲ್ಲಿ ದೇಶಭಕ್ತರ ಸಮಿತಿಗಳು ಹುಟ್ಟಿದವು, ಹೆಂಗಸರದೇ ಸಮಿತಿಗಳೂ ಇದ್ದವು. ಹ್ವಾರೆಸ್ ಸೇನೆಗಾಗಿ ಸದಸ್ಯರು ತಿಂಗಳು ತಿಂಗಳು ಚಂದಾ ಕೊಟ್ಟರು. ಕೊಟ್ಟವರ ಹೆಸರು, ಮೊತ್ತ ಸ್ಪ್ಯಾನಿಷ್ ಪತ್ರಿಕೆಗಳಲ್ಲಿ ಅಚ್ಚಾಗುತ್ತಿತ್ತು. ಆ ಹಳೆಯ ಪುಟಗಳಿಂದಲೇ ಲಾಸ್ ಏಂಜಲೀಸ್‌ನ ಪ್ರಾಧ್ಯಾಪಕ ಡೇವಿಡ್ ಹೇಯ್ಸ್-ಬೌಟಿಸ್ಟಾ ಈ ಚರಿತ್ರೆಯನ್ನು ಹೆಕ್ಕಿ ತೆಗೆದರು. ಕೂಲಿಯ ದುಡ್ಡಿನಲ್ಲಿ ಒಂದು ಪಾಲನ್ನು ತೆಗೆದಿಟ್ಟವರ ಆ ಪಟ್ಟಿಗಳೇ ಈ ಹಬ್ಬದ ನಿಜವಾದ ಜನ್ಮಪತ್ರ ಎಂದು ನನಗನಿಸುತ್ತದೆ.

ಒಂದು ಶತಮಾನದ ನಂತರ, 1960–70ರ ದಶಕಗಳಲ್ಲಿ, ಚಿಕಾನೊ (ಮೆಕ್ಸಿಕನ್ ಮೂಲದ ಅಮೆರಿಕನ್ನರ) ಹಕ್ಕುಗಳ ಚಳವಳಿಯ ವಿದ್ಯಾರ್ಥಿಗಳು ಈ ದಿನಕ್ಕೆ ಮತ್ತೆ ಬಿಸಿ ಮುಟ್ಟಿಸಿದರು. ಬಡವರೂ ಮೂಲನಿವಾಸಿಗಳೂ ಯುರೋಪಿನ ಸೇನೆಯನ್ನು ಹಿಮ್ಮೆಟ್ಟಿಸಿದ ಕಥೆ ಅವರಿಗೆ ಹಿಡಿಸಿತ್ತು. 1980ರ ದಶಕದಲ್ಲಿ ಬೆಳೆಯುತ್ತಿದ್ದ ಲ್ಯಾಟಿನೊ (ಲ್ಯಾಟಿನ್ ಅಮೆರಿಕ ಮೂಲದ) ಗ್ರಾಹಕರ ಮೇಲೆ ಕಣ್ಣಿಟ್ಟ ಮದ್ಯದ ಕಂಪನಿಗಳು ಪ್ರಾಯೋಜಕರಾಗಿ ಬಂದವು. ಉದ್ಯೋಗದಲ್ಲಿ ತಾರತಮ್ಯ ಮಾಡುತ್ತದೆಂದು ಚಿಕಾನೊ ಸಂಘಟನೆಗಳು ಬಹಿಷ್ಕರಿಸಿದ್ದ ಕೂರ್ಸ್ ಬಿಯರ್ ಕಂಪನಿ ಕೂಡ ಲ್ಯಾಟಿನೊ ಸಂಸ್ಥೆಗಳೊಂದಿಗೆ ಒಪ್ಪಂದಕ್ಕೆ ಬಂದಿತು. 1989ರಲ್ಲಿ ಮೆಕ್ಸಿಕೊದ ಕೊರೋನಾ ಬಿಯರಿನ ಆಮದುದಾರರು ಈ ದಿನಕ್ಕೆಂದೇ ಪ್ರಚಾರ ಆರಂಭಿಸಿದರು. ಮೆರವಣಿಗೆಗೆ, ವೇದಿಕೆಗೆ ಹಣ ಬೇಕಿದ್ದದ್ದು ನಿಜ. ಆದರೆ ಹಣದ ಜೊತೆ ಬ್ಯಾನರು ಬಂತು, ಬ್ಯಾನರಿನಲ್ಲಿ ಸರಗೋಸರ ಹೆಸರಿಗೆ ಜಾಗವಿರಲಿಲ್ಲ. 2013ರಿಂದ ಅಮೆರಿಕದಲ್ಲಿ ಕೊರೋನಾ ಮಾರಾಟದ ಹಕ್ಕು ಅಮೆರಿಕದ್ದೇ ಆದ ಕಾನ್‌ಸ್ಟಲೇಷನ್ ಬ್ರ್ಯಾಂಡ್ಸ್ ಕೈಯಲ್ಲಿದೆ.

ಮೆಕ್ಸಿಕೊದ ಹೆಚ್ಚಿನ ಊರುಗಳಲ್ಲಿ ಅಂದು ಅಂಗಡಿ, ಕಚೇರಿ ಎಂದಿನಂತೆ ತೆರೆದಿರುತ್ತವೆ. ಪ್ಯೂಬ್ಲಾದಲ್ಲಿ ಮಾತ್ರ ಸೈನಿಕರು, ಶಾಲಾಮಕ್ಕಳು ಮೆರವಣಿಗೆ ಹೊರಡುತ್ತಾರೆ. ಮೆಕ್ಸಿಕೊ ಸಿಟಿಯ ವಿಮಾನ ನಿಲ್ದಾಣದ ಪಕ್ಕದ ಪೆನ್ಯೋನ್ ದೆ ಲೋಸ್ ಬಾನ್ಯೋಸ್ ಬಡಾವಣೆಯವರು ಅರ್ಧ ಫ್ರೆಂಚರಾಗಿ, ಅರ್ಧ ಬೆಟ್ಟದ ಜನರಾಗಿ ವೇಷ ಕಟ್ಟಿ, ಮದ್ದು ತುಂಬಿದ ಕೋವಿಗಳನ್ನು ಸಿಡಿಸುತ್ತ ಬೀದಿಯಲ್ಲೇ ಆ ಕಾಳಗವನ್ನು ಮತ್ತೆ ಆಡುತ್ತಾರೆ.