ವಿಮರ್ಶಕರು ಕೊಟ್ಟ 80, ಆಟಗಾರರು ಕೊಟ್ಟ 95: ಯಾವುದನ್ನು ನಂಬಬೇಕು?

ಪ್ರಶ್ನೆ: ‘ಟು ದಿ ಮೂನ್’ ಎಂಬ ವಿಡಿಯೊ ಗೇಮ್ ಆಡಿ ಮುಗಿಸಿ ಅತ್ತವರಲ್ಲಿ ನಾನೂ ಒಬ್ಬ. ಅದರ ಮುಂದಿನ ಭಾಗವಾದ ‘ಫೈಂಡಿಂಗ್ ಪ್ಯಾರಡೈಸ್’ಗೆ ಆಟಗಳನ್ನು ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಆಟಗಾರರಿಂದ ಶೇ. 95ಕ್ಕೂ ಹೆಚ್ಚು ಮೆಚ್ಚುಗೆ ಇದೆ. ಆದರೆ ವಿಮರ್ಶಕರ ಸರಾಸರಿ 80ರ ಆಸುಪಾಸಿನಲ್ಲೇ ನಿಂತಿದೆ. ವಿಮರ್ಶಕರಿಗೆ ಹೃದಯವಿಲ್ಲವೇ, ಅಥವಾ ಎರಡನೆಯ ಆಟ ನಿಜಕ್ಕೂ ಸಪ್ಪೆಯೇ?

ಉತ್ತರ: ಎರಡೂ ಅಲ್ಲ. ಆಟದ ಹೆಸರೊಂದು ಬದಲಾಗುತ್ತದೆಯೇ ಹೊರತು ಈ ಪ್ರಶ್ನೆ ಬರುವುದು ನಿಂತಿಲ್ಲ. ಒಂದೆರಡು ಸಾಲಿನಲ್ಲಿ ಉತ್ತರಿಸಿದಾಗಲೆಲ್ಲ ಅದು ಮತ್ತೆ ಹುಟ್ಟಿಕೊಂಡಿದೆ. ಆದ್ದರಿಂದ ಈ ಸಲ ಬುಡದಿಂದಲೇ ಹೇಳುತ್ತೇನೆ.

ಸ್ಟೀಮ್ ತೋರಿಸುವ ಶೇಕಡಾವಾರು ಅಂಕವಲ್ಲ. ಎಷ್ಟು ಸಲ ಹೇಳಿದರೂ ಜನರ ಮನಸ್ಸಿನಲ್ಲಿ ಕೂರದ ಸಂಗತಿ ಇದು. ಅಲ್ಲಿ ವಿಮರ್ಶೆ ಬರೆಯುವ ಆಟಗಾರನ ಮುಂದೆ ಇರುವುದು ಎರಡೇ ಆಯ್ಕೆ: ಈ ಆಟವನ್ನು ಇತರರಿಗೆ ಶಿಫಾರಸು ಮಾಡುತ್ತೇನೆ ಅಥವಾ ಮಾಡುವುದಿಲ್ಲ. ‘ಮೊದಲರ್ಧ ಎಳೆದಂತಾಯಿತು, ಒಗಟುಗಳು ಬೇಸರ ತಂದವು, ಆದರೂ ಕೊನೆ ಚೆನ್ನಾಗಿತ್ತು’ ಎನ್ನುವವನೂ ಹೆಬ್ಬೆರಳನ್ನು ಮೇಲಕ್ಕೇ ಎತ್ತುತ್ತಾನೆ. ರಾತ್ರಿಯಿಡೀ ಅತ್ತವನೂ ಅದನ್ನೇ ಮಾಡುತ್ತಾನೆ. ಲೆಕ್ಕದಲ್ಲಿ ಇಬ್ಬರೂ ಒಂದೇ. ಕನಿಷ್ಠ 500 ವಿಮರ್ಶೆಗಳಿದ್ದು, ಅವುಗಳಲ್ಲಿ ಶೇ. 95ರಷ್ಟು ಪರವಾಗಿದ್ದರೆ ಆಟಕ್ಕೆ ಅತ್ಯುನ್ನತ ದರ್ಜೆಯ ಹಣೆಪಟ್ಟಿ ಸಿಗುತ್ತದೆ. ಆಡಿದ ಪ್ರತಿಯೊಬ್ಬನೂ ‘ಇದು ನೂರಕ್ಕೆ ಎಂಬತ್ತರ ಆಟ’ ಎಂದು ಭಾವಿಸಿ ಶಿಫಾರಸು ಮಾಡಿದರೆ ಸ್ಟೀಮ್ ತೋರಿಸುವುದು ಎಂಬತ್ತನ್ನಲ್ಲ, ನೂರನ್ನು. ಎಸ್‌ಎಸ್‌ಎಲ್‌ಸಿಯಲ್ಲಿ ಒಂದು ಶಾಲೆಯ ಫಲಿತಾಂಶ ಶೇ. 95 ಎಂದರೆ ಅಲ್ಲಿನ ಮಕ್ಕಳೆಲ್ಲ 95 ಅಂಕ ತೆಗೆದಿದ್ದಾರೆ ಎಂದು ಯಾರೂ ಭಾವಿಸುವುದಿಲ್ಲ. ಆಟಗಳ ವಿಷಯದಲ್ಲಿ ಮಾತ್ರ ಅದೇ ತಪ್ಪನ್ನು ಎಲ್ಲರೂ ಮಾಡುತ್ತಾರೆ.

ಮುಂದಿನ ಭಾಗಗಳ ವಿಷಯದಲ್ಲಿ ಈ ತಪ್ಪು ಇನ್ನಷ್ಟು ದಾರಿ ತಪ್ಪಿಸುತ್ತದೆ. ‘ಟು ದಿ ಮೂನ್’ ಬಂದದ್ದು 2011ರ ನವೆಂಬರ್‌ನಲ್ಲಿ, ‘ಫೈಂಡಿಂಗ್ ಪ್ಯಾರಡೈಸ್’ ಬಂದದ್ದು 2017ರ ಡಿಸೆಂಬರ್‌ನಲ್ಲಿ. ಆರು ವರ್ಷ ಕಾದು ಎರಡನೆಯದನ್ನು ಕೊಂಡವರು ಯಾರು? ಬಹುಪಾಲು, ಮೊದಲನೆಯದನ್ನು ಎದೆಗೆ ಹಚ್ಚಿಕೊಂಡವರು. ನಡೆದಾಡುವುದು, ಓದುವುದು, ನೆನಪಿನ ವಸ್ತುಗಳನ್ನು ಹುಡುಕುವುದು ಇಷ್ಟೇ ಇರುವ ಆಟ ತಮಗೆ ಒಗ್ಗುವುದಿಲ್ಲವೆಂದು ಕಂಡುಕೊಂಡವರು ಎರಡನೆಯದರತ್ತ ತಿರುಗಿಯೂ ನೋಡಿರಲಾರರು. ಅವರ ಅಸಮ್ಮತಿ ಮೊದಲ ಆಟದ ಪುಟದಲ್ಲೇ ಉಳಿಯುತ್ತದೆ. ವಿಮರ್ಶಕನಿಗೆ ಈ ಸೌಲಭ್ಯವಿಲ್ಲ. ಕೈಗೆ ಬಂದ ಆಟವನ್ನು ಒಗ್ಗಿದರೂ ಒಗ್ಗದಿದ್ದರೂ ಮುಗಿಸಿ ಬರೆಯುವುದು ಅವನ ಕೆಲಸ.

ಇನ್ನು ಆ 80ರ ಕಡೆ ನೋಡೋಣ. ವಿಮರ್ಶಕರ ಅಂಕಗಳನ್ನು ಒಟ್ಟುಗೂಡಿಸುವ ಜಾಲತಾಣವಾದ ಮೆಟಾಕ್ರಿಟಿಕ್‌ನಲ್ಲಿ ಆಟಗಳಿಗೆ ಮೆಚ್ಚುಗೆಯ ಗುರುತಾದ ಹಸಿರು ಬಣ್ಣ ಸಿಗಬೇಕಾದರೆ ಕನಿಷ್ಠ 75 ಬೇಕು, ಆದ್ದರಿಂದ 80 ಹಸಿರೇ. ಅದು ಪತ್ರಿಕೆಗಳಿಗೆ ಬೇರೆ ಬೇರೆ ತೂಕ ಕೊಟ್ಟು ಮಾಡಿದ ಸರಾಸರಿ, ಆ ತೂಕ ಎಷ್ಟೆಂಬುದನ್ನು ಬಹಿರಂಗಪಡಿಸಿಲ್ಲ. ಸಣ್ಣ ತಂಡಗಳ ಆಟಗಳಿಗೆ ಬರುವ ವಿಮರ್ಶೆಗಳೂ ಕಡಿಮೆ. ಎಲ್ಲಕ್ಕೂ ಒಂದೇ ತೂಕವೆಂದುಕೊಂಡರೂ, ಹತ್ತು ವಿಮರ್ಶೆಗಳಿದ್ದಾಗ ಒಬ್ಬರು 80ರ ಬದಲು 50 ಕೊಟ್ಟರೆ ಸರಾಸರಿ ಮೂರು ಅಂಕ ಕುಸಿಯುತ್ತದೆ. ಮೊದಲ ಆಟದ ಸರಾಸರಿಯೂ 80ರ ಆಸುಪಾಸಿನದೇ ಎಂಬುದನ್ನು ಈ ಪ್ರಶ್ನೆ ಕೇಳುವವರು ನೋಡಿಯೇ ಇರುವುದಿಲ್ಲ.

ಹಾಗಾದರೆ ವಿಮರ್ಶಕರಿಗೆ ತಕರಾರಿದ್ದದ್ದು ಯಾವುದರ ಬಗ್ಗೆ? ಕೆನಡಾದ ಕಾನ್ ಗಾವ್ ಕಥೆ, ವಿನ್ಯಾಸ, ಸಂಗೀತ ಮೂರನ್ನೂ ಮುಖ್ಯವಾಗಿ ತಾವೇ ಹೊತ್ತು, ಫ್ರೀಬರ್ಡ್ ಗೇಮ್ಸ್ ಎಂಬ ಪುಟ್ಟ ತಂಡದೊಂದಿಗೆ ಈ ಆಟಗಳನ್ನು ಕಟ್ಟಿದರು. ಸಾಯುವ ಮುನ್ನ ರೋಗಿಯ ನೆನಪುಗಳೊಳಗೆ ಹೊಕ್ಕು, ಅವನ ಕೊನೆಯ ಆಸೆ ಈಡೇರಿದಂತಹ ಬದುಕಿನ ನೆನಪನ್ನು ಕಟ್ಟಿಕೊಡುವುದು ಇವಾ ರೊಸಲೀನ್ ಮತ್ತು ನೀಲ್ ವಾಟ್ಸ್ ಎಂಬ ಇಬ್ಬರು ವೈದ್ಯರ ಕೆಲಸ. ಮೊದಲ ಆಟದ ಜಾನಿಗೆ ಚಂದ್ರನಲ್ಲಿಗೆ ಹೋಗಬೇಕು, ಏಕೆಂಬುದು ಅವನಿಗೇ ಗೊತ್ತಿಲ್ಲ. ಆ ಒಂದು ‘ಏಕೆ’ ಆಟವನ್ನು ಮುದಿತನದಿಂದ ಬಾಲ್ಯದವರೆಗೆ ಹಿಂದಕ್ಕೆ ಎಳೆದುಕೊಂಡು ಹೋಗುತ್ತದೆ. ಎರಡನೆಯ ಆಟದ ಕಾಲಿನ್ ರೀಡ್ಸ್ ವಿಮಾನ ಹಾರಿಸಿ ಬದುಕಿದವನು. ಹೆಂಡತಿಯಿದ್ದಾಳೆ, ಮಗನಿದ್ದಾನೆ, ಅವರನ್ನು ಪ್ರೀತಿಸುತ್ತಾನೆ. ಏನೋ ಒಂದು ಕೊರತೆಯಂತೂ ಅವನನ್ನು ಕಾಡುತ್ತಿದೆ, ಆದರೆ ಇರುವುದು ಬದಲಾಗುವುದೂ ಅವನಿಗೆ ಬೇಡ. ಇಲ್ಲಿ ನೆನಪುಗಳು ಒಮ್ಮೆ ಮುಪ್ಪಿನಿಂದ, ಒಮ್ಮೆ ಬಾಲ್ಯದಿಂದ ಎಂದು ಎರಡು ತುದಿಗಳಿಂದ ನಡುವಿನತ್ತ ಸಾಗುತ್ತವೆ. ಮೊದಲರ್ಧ ನಿಧಾನ ಎಂದವರೂ ಕಥೆ ಹೆಚ್ಚು ಪಕ್ವವಾಗಿದೆ ಎಂದವರೂ ಮಾತನಾಡುತ್ತಿದ್ದದ್ದು ಈ ಒಂದೇ ಆಯ್ಕೆಯ ಬಗ್ಗೆ. ಹೊರನೋಟಕ್ಕೆ ತೃಪ್ತವಾಗಿರುವ ಬದುಕಿನೊಳಗಿನ ಅತೃಪ್ತಿಯನ್ನು ಕಥೆಯಾಗಿಸುವುದು ದುರಂತವೊಂದನ್ನು ಬಚ್ಚಿಟ್ಟು ಕೊನೆಗೆ ತೆರೆದು ತೋರಿಸುವುದಕ್ಕಿಂತ ಕಷ್ಟದ ಕೆಲಸ, ಮತ್ತು ಎರಡನೆಯ ಆಟ ಅದನ್ನು ಸಾಧಿಸಿದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಕಡಿಮೆ ಅತ್ತಿರೆಂದ ಮಾತ್ರಕ್ಕೆ ಅದು ಕಡಿಮೆ ಆಟವಾಗುವುದಿಲ್ಲ.

ನೀವು ಕೇಳಿಲ್ಲ, ಆದರೂ ಇದನ್ನು ಹೇಳಲೇಬೇಕು: ಇಂತಹ ಆಟಗಳ ವಿಮರ್ಶೆಗಳು ನೀರಸವಾಗಿ ಕಾಣುವುದೇಕೆ? ಆಟದ ಜೀವವಿರುವುದು ಕಥೆಯ ತಿರುವಿನಲ್ಲಿ, ಅದನ್ನು ಬಿಟ್ಟುಕೊಡಬಾರದೆಂಬುದು ವಿಮರ್ಶಕನ ಧರ್ಮ. ಆಗ ಬಿಡಿಸಿ ಹೇಳಲು ಉಳಿಯುವುದು ಒಗಟುಗಳು, ನಡಿಗೆಯ ವೇಗ, ಹೊಂದದ ಹಾಸ್ಯ. ದೋಷಗಳಿಗೆ ಉದಾಹರಣೆ ಕೊಡಬಹುದು, ಗುಣವನ್ನು ‘ಮನಮುಟ್ಟುತ್ತದೆ’ ಎಂಬ ಒಂದು ಪದದಲ್ಲಿ ಮುಗಿಸಬೇಕಾಗುತ್ತದೆ. ಓದುವವರಿಗೆ ದೋಷಗಳೇ ನೆನಪಿನಲ್ಲಿ ಉಳಿಯುತ್ತವೆ.

ಈ ಎರಡು ಆಟಗಳ ನಡುವೆ ಇದೇ ತಂಡದಿಂದ ಬಂದ 2014ರ ‘ಎ ಬರ್ಡ್ ಸ್ಟೋರಿ’ಗೆ ಹೆಚ್ಚು ಪೆಟ್ಟು ಬಿದ್ದದ್ದೂ ಹೀಗೆಯೇ. ಸಂಭಾಷಣೆಯೇ ಇಲ್ಲದ, ಸುಮಾರು ಒಂದು ಗಂಟೆಯ ಆ ಆಟದಲ್ಲಿ ಬಿಡಿಸಿ ಹೇಳಲು ಇನ್ನೂ ಕಡಿಮೆ ಇತ್ತು, ಅದಕ್ಕೆ ಬಂದ ಅಂಕಗಳೂ ಸ್ಪಷ್ಟವಾಗಿ ಕಡಿಮೆ. ಅಂಕ ನೋಡಿ ಅದನ್ನು ಬಿಟ್ಟವರು ಬಹಳ. ಆದರೆ ರೆಕ್ಕೆ ಗಾಯಗೊಂಡ ಹಕ್ಕಿಯನ್ನು ಸಾಕುವ ಆ ಒಂಟಿ ಹುಡುಗನೇ ಕಾಲಿನ್. ಆದ್ದರಿಂದ ಎರಡನೆಯ ಆಟವನ್ನು ನೀವು ಇನ್ನೂ ಆರಂಭಿಸಿಲ್ಲದಿದ್ದರೆ, ಮೊದಲು ಒಂದು ಸಂಜೆ ಆ ಹುಡುಗನ ಜೊತೆ ಕಳೆಯಿರಿ. ಇದೇ ಸರಣಿಯ 2021ರ ಆಟ ‘ಇಂಪಾಸ್ಟರ್ ಫ್ಯಾಕ್ಟರಿ’ಯನ್ನು ಇವೆಲ್ಲ ಮುಗಿದ ಮೇಲೆ ಆಡಿ.