ಬಾಯಿಮಾತಿಗೆ ಹತ್ತು ದಿನ ಬೇಕು

‘ಒಳ್ಳೆ ಸಿನಿಮಾ ಅಂತೆ, ಯಾವಾಗ ಬಂತು, ಯಾವಾಗ ಹೋಯ್ತು?’ ಕನ್ನಡದ ಸಣ್ಣ ಸಿನಿಮಾಗಳ ಬಗ್ಗೆ ಜಾಸ್ತಿ ಕೇಳಿಬರುವ ಮಾತಿದು. ಜನ ಬರಲ್ಲ ಅಂತ ಥಿಯೇಟರಿನವರು ಹೇಳುತ್ತಾರೆ. ಶೋ ಕೊಡಲ್ಲ ಅಂತ ಸಿನಿಮಾದವರು ಹೇಳುತ್ತಾರೆ. ನಮಗೆ ಗೊತ್ತೇ ಆಗಲಿಲ್ಲ ಅಂತ ಪ್ರೇಕ್ಷಕರು ಹೇಳುತ್ತಾರೆ. ಮೂರೂ ನಿಜ. ಇಲ್ಲಿಗೆ ಬಂದು ಮುಟ್ಟಿದ್ದು ಹೇಗೆ ಅಂತ ತಿಳಿಯೋಕೆ ಸ್ವಲ್ಪ ಹಿಂದೆ ಹೋಗಬೇಕು.

1970ರಲ್ಲಿ ‘ಸಂಸ್ಕಾರ’ ಬಂತು, ಕನ್ನಡಕ್ಕೆ ಮೊದಲ ಸ್ವರ್ಣಕಮಲ, ಅಂದರೆ ದೇಶದ ಅತ್ಯುತ್ತಮ ಸಿನಿಮಾಕ್ಕೆ ಸಿಗುವ ರಾಷ್ಟ್ರಪ್ರಶಸ್ತಿ, ತಂತು. ‘ಚೋಮನ ದುಡಿ’, ‘ಘಟಶ್ರಾದ್ಧ’, ‘ತಬರನ ಕಥೆ’ ಅದೇ ದಾರಿಯಲ್ಲಿ ನಡೆದವು. ಪ್ರಶಸ್ತಿ ಬಂದ ಸಿನಿಮಾ ಅಂದ್ರೆ ನಮಗಲ್ಲ ಅನ್ನುವ ಮಾತೂ ಆಗಲೇ ಹುಟ್ಟಿಕೊಂಡಿತು. ಆದರೂ ಅವು ಪೂರ್ತಿ ಕಳೆದುಹೋಗಲಿಲ್ಲ. ಬೆಂಗಳೂರಿನಲ್ಲಿ 1971ರಲ್ಲಿ ಶುರುವಾದ ಸುಚಿತ್ರಾದಂಥ, ಇಂಥ ಸಿನಿಮಾಗಳನ್ನು ತರಿಸಿ ತೋರಿಸುವ ಫಿಲಂ ಸೊಸೈಟಿಗಳಿದ್ದವು. ಆಮೇಲೆ ದೂರದರ್ಶನದಲ್ಲಿ ಭಾನುವಾರ ಮಧ್ಯಾಹ್ನ ಪ್ರಾದೇಶಿಕ ಭಾಷೆಗಳ ಸಿನಿಮಾ ಬರುತ್ತಿತ್ತು. ಬೇರೆ ಚಾನೆಲ್ ಇರಲಿಲ್ಲ. ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುವ ತಬರನನ್ನು, ಊಟ ಮುಗಿಸಿ ಚಾಪೆ ಮೇಲೆ ಕೂತ ಮನೆಮಂದಿಯೆಲ್ಲ ನೋಡೋ ಕಾಲ ಅದು.

ಕೇಬಲ್ ಬಂದ ಮೇಲೆ ಆ ಮಧ್ಯಾಹ್ನ ಹೋಯಿತು. 2004ರ ಹೊತ್ತಿಗೆ ಬೆಂಗಳೂರಿಗೆ ಮಲ್ಟಿಪ್ಲೆಕ್ಸ್ ಬಂತು. ಒಂದೇ ಪರದೆಯ ಥಿಯೇಟರುಗಳು ಒಂದೊಂದಾಗಿ ಬಾಗಿಲು ಹಾಕಿದವು, 2017ರಲ್ಲಿ ಕಪಾಲಿಯೂ ಹೋಯಿತು. ಪರದೆಗಳು ಹೆಚ್ಚಾದರೆ ಸಣ್ಣ ಸಿನಿಮಾಗೂ ಜಾಗ ಸಿಗುತ್ತೆ ಅಂತ ಎಲ್ಲರೂ ಅಂದುಕೊಂಡಿದ್ದರು. ಪರದೆ ಹೆಚ್ಚಾಯಿತು, ದಿನಗಳು ಕಮ್ಮಿಯಾದವು.

ನನಗೆ ಇದೇ ಮುಖ್ಯ ಅನ್ನಿಸುತ್ತದೆ. ಪೋಸ್ಟರಿಗೆ, ಟಿವಿ ಜಾಹೀರಾತಿಗೆ ದುಡ್ಡಿಲ್ಲದ ಸಿನಿಮಾಗೆ ಇರೋದು ಬಾಯಿಮಾತು ಒಂದೇ. ನೋಡಿದವರು ಇನ್ನೊಬ್ಬರಿಗೆ ಹೇಳಬೇಕು, ಅವರು ಬಿಡುವು ಮಾಡಿಕೊಂಡು ಬರಬೇಕು. ಅದಕ್ಕೆ ಹತ್ತು ದಿನವಾದರೂ ಬೇಕು. ಈಗ ವರ್ಷಕ್ಕೆ 200ಕ್ಕೂ ಹೆಚ್ಚು ಕನ್ನಡ ಸಿನಿಮಾ ಬಿಡುಗಡೆಯಾಗುತ್ತವೆ, ಜೊತೆಗೆ ಬೇರೆ ಭಾಷೆಯವೂ ಇವೆ. ಶುಕ್ರವಾರ ಬಂದ ಸಿನಿಮಾದ ಹಣೆಬರಹ ಭಾನುವಾರ ರಾತ್ರಿಗೆ ತೀರ್ಮಾನವಾಗಿಬಿಡುತ್ತದೆ.

2016ರ ‘ರಾಮಾ ರಾಮಾ ರೇ’ ನೆನಪಿದೆಯಾ? ಗಲ್ಲು ಶಿಕ್ಷೆಯಾಗಿ ಜೈಲಿಂದ ತಪ್ಪಿಸಿಕೊಂಡವನೊಬ್ಬ ಹಳೇ ಜೀಪ್ ಹತ್ತುತ್ತಾನೆ. ಜೀಪ್ ಓಡಿಸುತ್ತಿರುವವನು ಗಲ್ಲಿಗೇರಿಸುವವನು. ಹೆಸರಾಂತ ನಟರಿರಲಿಲ್ಲ. ಸತ್ಯಪ್ರಕಾಶ್ ನಿರ್ದೇಶನದ ಆ ಸಿನಿಮಾ ನಿಂತಿದ್ದು ನೋಡಿದವರ ಮಾತಿನಿಂದಲೇ. ಆ ಮಾತು ಕಿವಿಗೆ ಬೀಳುವವರೆಗೆ ಸಿನಿಮಾ ಥಿಯೇಟರಿನಲ್ಲಿತ್ತು.

ಅದೇ ಅದೃಷ್ಟ 2024ರಲ್ಲಿ ‘ಶಿವಮ್ಮ ಯರೇಹಂಚಿನಾಳ’ಕ್ಕೆ ಸಿಗಲಿಲ್ಲ. 2022ರಲ್ಲಿ ದಕ್ಷಿಣ ಕೊರಿಯಾದ ಬೂಸಾನ್ ಚಿತ್ರೋತ್ಸವದಲ್ಲಿ ನ್ಯೂ ಕರೆಂಟ್ಸ್ ಪ್ರಶಸ್ತಿ ಗೆದ್ದು ಬಂದ ಸಿನಿಮಾ. ಕೊಪ್ಪಳ ಜಿಲ್ಲೆಯ ಹಳ್ಳಿಯಲ್ಲಿ, ಊರಿನವರನ್ನೇ ಇಟ್ಟುಕೊಂಡು ಜೈಶಂಕರ್ ಆರ್ಯರ್ ಮಾಡಿದ್ದು. ಶಾಲೆಯಲ್ಲಿ ಬಿಸಿಯೂಟ ಮಾಡುವ ಶಿವಮ್ಮ ಚೈನ್ ವ್ಯವಹಾರದ ಶಕ್ತಿಪುಡಿ ಮಾರೋಕೆ ಹೊರಟು, ಕೂಡಿಟ್ಟ ದುಡ್ಡನ್ನೆಲ್ಲ ಅದಕ್ಕೆ ಸುರಿಯುತ್ತಾಳೆ. ನಾನು ಶನಿವಾರ ಬೆಳಗಿನ ಆಟಕ್ಕೆ ಹೋಗಿದ್ದೆ. ಇದ್ದಿದ್ದು ಒಂಬತ್ತು ಜನ. ನನ್ನ ಮುಂದಿನ ಸಾಲಿನಲ್ಲಿ ಇಬ್ಬರು ಹೆಂಗಸರು. ಇಂಟರ್‌ವಲ್‌ನಲ್ಲಿ, ತಮ್ಮ ಊರಲ್ಲಿ ಇಂಥದ್ದೇ ಪುಡಿ ಮಾರಿದವರು ಯಾರು, ಯಾರ ದುಡ್ಡು ಹೋಯ್ತು ಅಂತ ಅವರಲ್ಲಿ ದೊಡ್ಡ ಮಾತು. ಸಿನಿಮಾ ಮುಗಿದು ಮೆಟ್ಟಿಲು ಇಳಿಯುವಾಗಲೇ ಒಬ್ಬರು ಫೋನ್ ಹಚ್ಚಿದರು. ‘ಅಕ್ಕಾ, ನೀ ಇದನ್ನ ನೋಡಾಕಬೇಕು ನೋಡು. ಬುಧವಾರ ಬಾ, ನಾನೂ ಇನ್ನೊಮ್ಮೆ ಬರ್ತೀನಿ.’ ಸೋಮವಾರ ನಾನು ಆ್ಯಪ್ ತೆಗೆದು ನೋಡಿದರೆ ಆ ಮಾಲ್‌ನಲ್ಲಿ ಸಿನಿಮಾ ಇರಲಿಲ್ಲ.

ಒಟಿಟಿ ಇದೆಯಲ್ಲ ಅಂತೀರಾ? 2020ರ ಲಾಕ್‌ಡೌನ್‌ನಲ್ಲಿ ‘ಲಾ’, ‘ಫ್ರೆಂಚ್ ಬಿರಿಯಾನಿ’ ನೇರವಾಗಿ ಪ್ರೈಮ್‌ಗೆ ಬಂದಾಗ ಬಾಗಿಲು ತೆಗೀತು ಅಂತ ಖುಷಿಪಟ್ಟಿದ್ದೆವು. ಆಮೇಲೆ ದೊಡ್ಡ ಸಿನಿಮಾಗಳಿಗೆ ಮಾತ್ರ ಬೇಡಿಕೆ ಉಳಿಯಿತು. ‘ಏಕಂ’ ಎಂಬ ಕರಾವಳಿಯ ಕಥೆಗಳ ಸರಣಿಯನ್ನು ಯಾವ ಒಟಿಟಿಯೂ ತೆಗೆದುಕೊಳ್ಳದೆ, 2024ರ ಜುಲೈನಲ್ಲಿ ತಯಾರಕರು ತಮ್ಮದೇ ವೆಬ್‌ಸೈಟ್ ಮಾಡಿ ಬಿಡಬೇಕಾಯಿತು. ಇನ್ನು 2025ರಲ್ಲಿ ಸರ್ಕಾರ ಟಿಕೆಟ್ ದರಕ್ಕೆ 200 ರೂಪಾಯಿ ಮಿತಿ ಹಾಕಿತು, ಹೈಕೋರ್ಟ್ ತಡೆ ಕೊಟ್ಟಿತು. ದರ ಇಳಿದರೆ ಒಳ್ಳೇದೇ, ಆದರೆ ಸೋಮವಾರ ಸಿನಿಮಾನೇ ಇಲ್ಲದಿದ್ದರೆ ಟಿಕೆಟ್ ಎಷ್ಟಿದ್ದರೇನು, ಅಲ್ವಾ?

ಅದೇ ವರ್ಷದ ಬಜೆಟ್‌ನಲ್ಲಿ ಕನ್ನಡ ಸಿನಿಮಾಗಳಿಗಾಗಿ ಸರ್ಕಾರದ್ದೇ ಒಟಿಟಿ ಮಾಡುವುದಾಗಿಯೂ ಹೇಳಿದ್ದಾರೆ. ಅದು ಬಂದರೆ ಮೊದಲು ಯಾವುದನ್ನು ಹಾಕಬೇಕು ಅಂತ ನನ್ನನ್ನು ಕೇಳಿದರೆ ‘ಶಿವಮ್ಮ’ ಇದ್ದೇ ಇದೆ. ಅದರ ಪಕ್ಕದಲ್ಲಿ ಉತ್ಸವ್ ಗೋನವಾರರ ‘ಫೋಟೋ’. ವಿಧಾನಸೌಧದ ಮುಂದೆ ನಿಂತು ಒಂದು ಫೋಟೋ ತೆಗೆಸಿಕೊಳ್ಳಬೇಕು ಅನ್ನುವ ಪುಟ್ಟ ಹುಡುಗ, ಅದೇ ಹೊತ್ತಿಗೆ ಬಂದ ಲಾಕ್‌ಡೌನ್. ಪೃಥ್ವಿ ಕೋಣನೂರರ ‘ಹದಿನೇಳೆಂಟು’ ಕೂಡ ಬೇಕು. ಆಮೇಲೆ ಮಂಸೋರೆ ಅವರ ‘ಹರಿವು’. ತೀರಿಕೊಂಡ ಮಗನನ್ನು ಟ್ರಂಕಿನಲ್ಲಿ ಇಟ್ಟುಕೊಂಡು ಬೆಂಗಳೂರಿನಿಂದ ಊರಿಗೆ ಹೊರಡುವ ಅಪ್ಪನಾಗಿ ಸಂಚಾರಿ ವಿಜಯ್ ಇದ್ದಾರೆ. ವಿಜಯ್ 2021ರಲ್ಲಿ ನಮ್ಮನ್ನು ಬಿಟ್ಟು ಹೋದರು. ಅವರ ಆ ಮುಖವನ್ನು ಇನ್ನೂ ಎಷ್ಟೋ ಜನ ನೋಡಿಯೇ ಇಲ್ಲ.