ಎಲೆಯ ಹಿಂದೆ ನೋಡಿ, ಆಮೇಲೆ ಔಷಧ ಹುಡುಕಿ

ಫೆಬ್ರವರಿ ಮುಗಿಯುವ ಹೊತ್ತಿಗೆ ಪುಣೆಯ ಕನ್ನಡದವರಿಂದ ನನಗೆ ವಾಟ್ಸಾಪ್‌ನಲ್ಲಿ ಫೋಟೋ ಬರಲು ಶುರುವಾಗುತ್ತದೆ. ಕೋಥ್ರೂಡ್‌ನ ಬಾಲ್ಕನಿಯ ಗುಲಾಬಿ, ಪಿಂಪ್ರಿಯ ಕಿಟಕಿಯಲ್ಲಿಟ್ಟ ದಾಸವಾಳ. ಎಲೆ ತುಂಬ ರವೆ ಉದುರಿಸಿದ ಹಾಗೆ ಸಣ್ಣ ಸಣ್ಣ ಹಳದಿ ಚುಕ್ಕೆ. ಕೆಳಗೆ ಪ್ರಶ್ನೆ: “ಮೇಡಂ, ಗೊಬ್ಬರ ಕಮ್ಮಿ ಆಯ್ತಾ?” ಗೊಬ್ಬರ ಅಲ್ಲ, ನುಸಿ. ಇನ್ನು ಕೆಲವರು ಅಂಗಡಿಯವರು ಕೊಟ್ಟ ಔಷಧವನ್ನು ಎರಡು ಸಲ ಹೊಡೆದು, “ಮೊದಲಿಗಿಂತ ಜಾಸ್ತಿನೇ ಆಯ್ತು” ಎಂದು ಬರೆಯುತ್ತಾರೆ. ಅವರು ಹೇಳುವುದು ನಿಜ.

ನನ್ನ ಕೆಲಸ ಪುಣೆ ಹತ್ತಿರದ ತಳೇಗಾಂವ್, ಮಾವಳ ಕಡೆ, ಪ್ಲಾಸ್ಟಿಕ್ ಹೊದಿಸಿ ಗುಲಾಬಿ ಬೆಳೆಯುವ ಪಾಲಿಹೌಸ್‌ಗಳಲ್ಲಿ. ಅಲ್ಲಿ ನಮ್ಮ ನಿದ್ದೆ ಕೆಡಿಸುವುದು ಇದೇ ಜೇಡ ನುಸಿ. ಮಳೆ ಬಂದು ತೊಳೆಯುವುದಿಲ್ಲ, ಒಳಗೆ ಬೆಚ್ಚಗಿರುತ್ತದೆ, ಅದನ್ನು ತಿನ್ನುವ ಹುಳುಗಳು ಸುಲಭವಾಗಿ ಒಳಗೆ ಬರುವುದಿಲ್ಲ. ಗಾಜು ಹಾಕಿ ಮುಚ್ಚಿದ ನಿಮ್ಮ ಬಾಲ್ಕನಿಯೂ ಹಾಗೇ ಅಲ್ವಾ?

ನುಸಿ ಕೀಟ ಅಲ್ಲ. ಎಂಟು ಕಾಲಿನದು, ಜೇಡದ ಬಳಗ. ದೊಡ್ಡದಾದರೂ ಅರ್ಧ ಮಿಲಿಮೀಟರ್ ದಾಟುವುದು ಕಷ್ಟ. ಎಲೆಯ ಹಿಂಭಾಗದಲ್ಲಿ ಕೂತು ಒಂದೊಂದೇ ಕೋಶ ಚುಚ್ಚಿ ಹೀರುತ್ತದೆ, ಅದಕ್ಕೇ ಆ ಚುಕ್ಕೆ. ಎಲೆಯ ಕೆಳಗೆ ಬಿಳಿ ಕಾಗದ ಹಿಡಿದು ಕೊಂಬೆ ತಟ್ಟಿ. ಬಿದ್ದ ಧೂಳು ನಡೆಯಲು ಶುರುಮಾಡಿದರೆ ಅನುಮಾನ ಬೇಡ. ಹತ್ತು ಪಟ್ಟು ದೊಡ್ಡದು ಮಾಡುವ ಲೆನ್ಸ್ ಒಂದಿದ್ದರೆ ಬೆನ್ನಿನ ಎರಡು ಕಪ್ಪು ಮಚ್ಚೆ, ದುಂಡನೆಯ ಮೊಟ್ಟೆ ಎಲ್ಲಾ ಕಾಣುತ್ತದೆ. ನುಸಿ ಕಟ್ಟುವ ಬಲೆ ಕಾಣಿಸುವ ತನಕ ಕಾದರೆ ತಡವಾದಂತೆಯೇ. ಲೆನ್ಸ್‌ನಲ್ಲಿ ಸರಸರ ಓಡಾಡುವ ಬೇರೆ ನುಸಿ ಕಂಡರೆ ಅದು ಬೇಟೆಗಾರ ನುಸಿ ಇರಬಹುದು, ಪಾಪ ಅದನ್ನು ಬಿಟ್ಟುಬಿಡಿ, ಅದು ನಮ್ಮ ಕಡೆಯದು. ತುಳಸಿಯಲ್ಲಿ ಚುಕ್ಕೆಯ ಜೊತೆ ಎಲೆಯ ಕೆಳಗೆ ಕಪ್ಪು ಹಿಕ್ಕೆಯ ಕಲೆಗಳಿದ್ದರೆ ಅದು ನುಸಿ ಆಗಿರುವ ಸಾಧ್ಯತೆ ಕಮ್ಮಿ. ಜಾಲರಿ ರೆಕ್ಕೆಯ ಬೇರೊಂದು ತಿಗಣೆ ಅಲ್ಲಿ ಕೂತಿರುತ್ತದೆ.

ಮುಂಬೈ, ಗೋವಾದವರ ಕಥೆ ಸ್ವಲ್ಪ ಬೇರೆ. ಜೇಡ ನುಸಿಗೆ ಪುಣೆಯ ಒಣ ಬಿಸಿಲು ಬೇಕು. ಮಳೆಗಾಲದ ಸೆಕೆಯಲ್ಲಿ ಡೊಂಬಿವಲಿಯ ಮೆಣಸಿನ ಗಿಡದ ಚಿಗುರು ಮುದುಡಿಕೊಂಡರೆ ನನಗೆ ಅನುಮಾನ ಹಳದಿ ನುಸಿಯ ಮೇಲೆ. ಅದು ಇನ್ನೂ ಸಣ್ಣದು, 0.2 ಮಿಲಿಮೀಟರ್ ಅಷ್ಟೇ. ಬರಿಗಣ್ಣಿಗೆ ಕಾಣುವುದಿಲ್ಲ, ಬಲೆ ಕಟ್ಟುವುದಿಲ್ಲ, ಹಳೆ ಎಲೆ ಬಿಟ್ಟು ಎಳೆ ಚಿಗುರಿಗೇ ಹೋಗುತ್ತದೆ. ಬಿಳಿನೊಣದ ಕಾಲು ಹಿಡಿದುಕೊಂಡು ಗಿಡದಿಂದ ಗಿಡಕ್ಕೆ ಹೋಗುವಷ್ಟು ಜಾಣ. ಬ್ಯಾಡಗಿ ಕಡೆಯವರಿಗೆ ಎಲೆ ಮುಟುರು ರೋಗ ಹೊಸದಲ್ಲ, ಅದರಲ್ಲಿ ಈ ನುಸಿಯ ಪಾಲೂ ಇದೆ, ರಸ ಹೀರುವ ಸಣ್ಣ ಕೀಟ ಥ್ರಿಪ್ಸ್‌ನ ಪಾಲೂ ಇದೆ. ಎಲೆಯ ಅಂಚು ಮೇಲಕ್ಕೆ ಮಡಚಿದರೆ ಹೆಚ್ಚಾಗಿ ಥ್ರಿಪ್ಸ್, ಕೆಳಕ್ಕೆ ಮಡಚಿ ಎಲೆ ಗಡುಸಾದರೆ ನುಸಿ. ಇಷ್ಟು ನೋಡದೆ ಔಷಧ ಹೊಡೆದರೆ ದುಡ್ಡು ದಂಡ.

ಈಗ ಆ “ಜಾಸ್ತಿನೇ ಆಯ್ತು” ವಿಚಾರ. ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವುದು ಇಮಿಡಾಕ್ಲೋಪ್ರಿಡ್ ಅಥವಾ ಸೈಪರ್‌ಮೆತ್ರಿನ್ ಥರದ ಕೀಟನಾಶಕ. ಇಮಿಡಾಕ್ಲೋಪ್ರಿಡ್ ಜೇಡ ನುಸಿಯನ್ನು ಕೊಲ್ಲುವುದೇ ಇಲ್ಲ. ಇವೆರಡೂ ನುಸಿ ತಿನ್ನುವ ಗುಲಗಂಜಿ ಹುಳ, ಬೇಟೆಗಾರ ನುಸಿಗಳಿಗೆ ಪೆಟ್ಟು ಕೊಡುತ್ತವೆ. ಕಾವಲು ಹೋದ ಮೇಲೆ ಕೇಳಬೇಕೇ, 30 ಡಿಗ್ರಿ ಶಾಖದಲ್ಲಿ ಜೇಡ ನುಸಿ ಮೊಟ್ಟೆಯಿಂದ ದೊಡ್ಡದಾಗಲು 7ರಿಂದ 10 ದಿನ ಸಾಕು, ಒಂದು ಹೆಣ್ಣು 100ರ ಸುಮಾರು ಮೊಟ್ಟೆ ಇಡುತ್ತದೆ, ಗಂಡು ಸಿಗದಿದ್ದರೂ ಮೊಟ್ಟೆ ಇಟ್ಟು ಗಂಡುಮರಿಗಳನ್ನು ಹುಟ್ಟಿಸಿಕೊಳ್ಳುತ್ತದೆ.

ಹಾಗಾಗಿ ಮೊದಲ ಔಷಧ ನೀರು. ತಮಾಷೆ ಅಲ್ಲ. ಕುಂಡವನ್ನು ಬಾತ್‌ರೂಮಿಗೆ ಒಯ್ದು, ಮಣ್ಣಿಗೆ ಪ್ಲಾಸ್ಟಿಕ್ ಸುತ್ತಿ, ಎಲೆಯ ಹಿಂಭಾಗಕ್ಕೆ ಜೋರಾಗಿ ನೀರು ಹಾಯಿಸಿ. ಎರಡು ಮೂರು ದಿನಕ್ಕೊಮ್ಮೆ. ತೀರಾ ಹಾಳಾದ ಎಲೆ ಕಿತ್ತು ಕವರಿಗೆ ಹಾಕಿ ಕಟ್ಟಿ ಬಿಸಾಡಿ. ಆಮೇಲೆ ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ಅದು ಬೆರೆಯುವಷ್ಟು ಸೌಮ್ಯವಾದ ದ್ರವ ಸೋಪು. ಬಟ್ಟೆ ಪುಡಿ ಬೇಡ, ಎಲೆ ಸುಡುತ್ತದೆ. ಸಂಜೆ ಹೊಡೆಯಿರಿ, ಮೊದಲು ಒಂದೆರಡು ಎಲೆಗೆ ಹೊಡೆದು ಮರುದಿನ ನೋಡಿ. ಮೈಗೆ ತಾಗಿದ ನುಸಿ ಮಾತ್ರ ಸಾಯುತ್ತದೆ, ಮೊಟ್ಟೆಗಳು ಬಹುಪಾಲು ಉಳಿಯುತ್ತವೆ. ಅದಕ್ಕೇ ನಾಲ್ಕೈದು ದಿನಕ್ಕೊಮ್ಮೆ ಮೂರು ಸಲವಾದರೂ ಹೊಡೆಯಬೇಕು. ಒಂದು ಸಲ ಹೊಡೆದು “ಬೇವು ಕೆಲಸ ಮಾಡಲ್ಲ” ಅನ್ನುವವರೇ ಜಾಸ್ತಿ.

ಹಳದಿ ನುಸಿಗೆ ನನ್ನ ಆಯ್ಕೆ ನೀರಲ್ಲಿ ಬೆರೆಯುವ ಗಂಧಕ (ವೆಟ್ಟಬಲ್ ಸಲ್ಫರ್), 80 ಪರ್ಸೆಂಟಿನದು, ಲೀಟರಿಗೆ 2 ಗ್ರಾಂ. ಆದರೆ ಬಿಸಿಲು 32 ಡಿಗ್ರಿ ದಾಟಿದ ದಿನ ಬೇಡ, ಎಣ್ಣೆ ಹೊಡೆದ ಎರಡು ಮೂರು ವಾರದೊಳಗೂ ಬೇಡ. ಎಣ್ಣೆ, ಗಂಧಕ ಎರಡೂ ಸೇರಿದರೆ ಗಿಡವೇ ಸುಟ್ಟು ಹೋಗುತ್ತದೆ.

ಪಾಲಿಹೌಸ್ ಗುಲಾಬಿಗೆ ಅಬಾಮೆಕ್ಟಿನ್, ಫೆನಾಜಾಕ್ವಿನ್, ಸ್ಪೈರೋಮೆಸಿಫೆನ್ ಎಂಬ ನುಸಿನಾಶಕಗಳನ್ನು ಬದಲಿಸುತ್ತಾ ಬಳಸುತ್ತೇವೆ. ಒಂದನ್ನೇ ಹಿಡಿದುಕೊಂಡರೆ ನುಸಿ ಅದಕ್ಕೆ ಬಗ್ಗದಂತಾಗುತ್ತದೆ. ಹಳಬರು ಇನ್ನೂ ಡೈಕೋಫಾಲ್ ಹೆಸರು ಹೇಳುತ್ತಾರೆ, ಕೇಂದ್ರ ಸರ್ಕಾರ ಅದನ್ನು 2023ರಲ್ಲೇ ನಿಷೇಧಿಸಿದೆ. ಮನೆಯೊಳಗೆ, ಮಕ್ಕಳು ಓಡಾಡುವ ಜಾಗದಲ್ಲಿ ಇವ್ಯಾವುದೂ ಬೇಡ ಅನ್ನುವುದು ನನ್ನ ಖಚಿತ ಅಭಿಪ್ರಾಯ. ತಿನ್ನುವ ಮೆಣಸಿಗೆ, ದೇವರಿಗೂ ಕಷಾಯಕ್ಕೂ ಕೀಳುವ ತುಳಸಿಗೆ ಅಂತೂ ಮಾತೇ ಇಲ್ಲ.

ನರ್ಸರಿಯಿಂದ ತಂದ ಹೊಸ ಗಿಡವನ್ನು ಎರಡು ವಾರ ಬೇರೆ ಕಡೆ ಇಡಿ. ಹಳದಿ ನುಸಿ ಹಿಡಿದು ತುದಿ ಸತ್ತ ಐವತ್ತು ರೂಪಾಯಿಯ ಮೆಣಸಿನ ಸಸಿಗೆ ತಿಂಗಳುಗಟ್ಟಲೆ ಚಾಕರಿ ಮಾಡಬೇಡಿ, ಕವರಿಗೆ ತುಂಬಿ ಬಿಸಾಡಿ, ಪಕ್ಕದ ಗಿಡಗಳನ್ನು ಉಳಿಸಿಕೊಳ್ಳಿ.